ಸುಮ್ಮನಿರಬೇಕಾದ ಐದು ತಂತಿಗಳು

ನಮ್ಮ ಭಾವನನ್ನು ಅವರ ಶಿಷ್ಯರೆಲ್ಲ ಕರೆಯುವುದು 'ಶ್ ಮೇಷ್ಟ್ರು' ಎಂದು. ಎದುರಿಗಲ್ಲ, ಬೆನ್ನ ಹಿಂದೆ. ಪಾಠದ ನಡುವೆ ಯಾರ ಗಿಟಾರಿನಲ್ಲಾದರೂ ಬೇಡದ ತಂತಿಯೊಂದು ಗುಂಯ್ ಎಂದರೆ ಸಾಕು, ಕಣ್ಣು ಮುಚ್ಚಿಕೊಂಡೇ 'ಶ್' ಎನ್ನುತ್ತಾರೆ. ಊಟಕ್ಕೆ ಕೂತಾಗ ಯಾರಾದರೂ ಚಮಚ ಕುಟ್ಟಿದರೂ ಅದೇ. ಒಮ್ಮೆ ಸಾವಿನ ಮನೆಯಲ್ಲಿ ಗೊಳೋ ಎಂದು ಅಳುತ್ತಿದ್ದ ನೆಂಟರೊಬ್ಬರಿಗೆ ಬಾಯಿತಪ್ಪಿ 'ಶ್' ಎಂದುಬಿಟ್ಟದ್ದಕ್ಕೆ ಆ ಮನೆಯವರು ಬಹಳ ಕಾಲ ನಮ್ಮೊಡನೆ ಮಾತು ಬಿಟ್ಟಿದ್ದರು.

ಭಾವ ಪಾರ್ಟಿಗಳಿಗೆ ಹೋಗಿ ನುಡಿಸುವ ಬ್ಯಾಂಡೊಂದರಲ್ಲಿ ಲೀಡ್ ಗಿಟಾರ್ ಹಿಡಿಯುವವರು. ಹಗಲು ಮನೆಯ ಮುಂಗೋಣೆಯಲ್ಲಿ ಪಾಠ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾರೆ. ಬಂದವರಿಗೆಲ್ಲ ಮೊದಲ ಪಾಠ ಒಂದೇ: "ನುಡಿಸೋದು ಒಂದು ತಂತಿ. ಉಳಿದ ಐದನ್ನ ಸುಮ್ಮನಿರಿಸೋದೇ ವಿದ್ಯೆ." ಸ್ಪೀಕರಿನ ಸದ್ದು ಏರಿದಾಗ ಮುಟ್ಟದ ತಂತಿಯೂ ತಾನಾಗಿ ನಡುಗಿ ಕೂಗತೊಡಗುತ್ತದಂತೆ. ಅದಕ್ಕೆ ಎಡಗೈಯ ತೋರುಬೆರಳು ಒಂದು ತಂತಿಯನ್ನು ಒತ್ತುವಾಗಲೇ ಅದರ ತುದಿ ಮೇಲಿನ ದಪ್ಪ ತಂತಿಗೆ ತಾಗಿಯೂ ತಾಗದ ಹಾಗಿರಬೇಕು, ಬೆರಳಿನ ಒಳಮೈ ಕೆಳಗಿನ ಸಣ್ಣ ತಂತಿಗಳ ಮೇಲೆ ಹಗುರವಾಗಿ ಒರಗಿರಬೇಕು. ಉಳಿದದ್ದನ್ನು ಬಲ ಅಂಗೈಯ ಅಂಚು ನೋಡಿಕೊಳ್ಳುತ್ತದೆ. ಎಷ್ಟು ತಾಗಬೇಕು ಎಂದು ಕೇಳಿದವರಿಗೆ, ಮಲಗಿದ ಮಗುವಿನ ಹಣೆ ಮುಟ್ಟಿ ನೋಡುವಷ್ಟು ಎನ್ನುತ್ತಿದ್ದರು. ಅದು ಬೆರಳಿಗೆ ಗೊತ್ತಾಗಬೇಕೇ ಹೊರತು ಕಣ್ಣಿಗಲ್ಲ.

ಇದಕ್ಕೊಂದು ಸುಲಭದ ದಾರಿಯೂ ಉಂಟು. ಕೂದಲಿಗೆ ಹಾಕುವ ಬಟ್ಟೆಯ ಬ್ಯಾಂಡನ್ನು ಗಿಟಾರಿನ ಕುತ್ತಿಗೆಗೆ ಬಿಗಿಯಾಗಿ ಸುತ್ತಿಬಿಟ್ಟರೆ ಒತ್ತದೆ ಬಿಟ್ಟ ತಂತಿಗಳೆಲ್ಲ ತೆಪ್ಪಗಿರುತ್ತವೆ. ಎಷ್ಟೋ ಜನ ಹಾಗೆ ಮಾಡುತ್ತಾರೆ. ಭಾವನಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ. "ಗಿಟಾರಿಗೆ ಜುಟ್ಟು ಕಟ್ಕೊಂಡು ಬಂದಿದೀಯಾ?" ಎಂದು ಎಲ್ಲರೆದುರು ಬಿಚ್ಚಿಸಿ, ಆ ಬ್ಯಾಂಡನ್ನು ಅಂದೇ ನನ್ನ ಅಂಗಡಿಗೆ ಕಳಿಸುತ್ತಿದ್ದರು. ನಾನು ಹೆಂಗಸರ ಕೂದಲು ಕತ್ತರಿಸುವವಳು. ನನ್ನ ಕನ್ನಡಿಯ ಕೆಳಗೊಂದು ಬಿಸ್ಕತ್ತಿನ ಡಬ್ಬಿಯ ತುಂಬ ಭಾವನ ಶಿಷ್ಯರ ಜುಟ್ಟುಗಳೇ ಇದ್ದವು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದಳು. ನಾನೊಬ್ಬರ ತಲೆಗೆ ಬಣ್ಣ ಹಚ್ಚುತ್ತಿದ್ದೆ. ಅವರು ಹೋಗುವವರೆಗೆ ಕಾದಿದ್ದು, ಆಮೇಲೆ ಪರ್ಸಿನಿಂದ ಒಂದು ಕರ್ಚೀಫು ತೆಗೆದು ಬಿಡಿಸಿದಳು. ಒಳಗೆ ನೇರಳೆ ಬಣ್ಣದ ಮಖಮಲ್ಲಿನ ಬ್ಯಾಂಡು. ಭಾವನ ಗಿಟಾರ್ ಚೀಲದ ಒಳಜೇಬಿನಲ್ಲಿ ಹೀಗೇ ಮಡಿಸಿಟ್ಟದ್ದು ಸಿಕ್ಕಿತಂತೆ.

ಅಕ್ಕನ ಕೂದಲು ಕಿವಿಯ ಕೆಳಗೆ ಇಳಿದದ್ದೇ ಇಲ್ಲ, ನಾನೇ ಕತ್ತರಿಸುವುದು. ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ. ಶಿಷ್ಯರಿಂದ ಕಿತ್ತುಕೊಂಡದ್ದಾಗಿದ್ದರೆ ನನ್ನ ಡಬ್ಬಿಗೆ ಬರಬೇಕಿತ್ತು. ಭಾವನ ತಂಡಕ್ಕೆ ಹೊಸದಾಗಿ ಸೇರಿದ ಹಾಡುಗಾರ್ತಿಯ ಉದ್ದ ಜಡೆ ನಮ್ಮಿಬ್ಬರ ಕಣ್ಣ ಮುಂದೂ ಒಟ್ಟಿಗೇ ಬಂದಿತು. ಅದು ಭಾವನ ಗಿಟಾರಿಗೇ ಇರಬಹುದೆಂದು ನಮಗೆ ಹೊಳೆಯಲೇ ಇಲ್ಲ. ಭೂಮಿಯ ಮೇಲಿನ ಯಾವ ಗಿಟಾರಿಗಾದರೂ ಜುಟ್ಟು ಬಂದೀತು, ಶ್ ಮೇಷ್ಟ್ರ ಗಿಟಾರಿಗೆ ಬರಲು ಸಾಧ್ಯವೇ? ಅಂಗಡಿಯ ಬಾಗಿಲು ಎಳೆದುಕೊಂಡು ಅಕ್ಕನ ಹಿಂದೆಯೇ ಹೊರಟೆ. ಭಾವನಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಹಲ್ಲು ಮಸೆದುಕೊಂಡೆ.

ಅವರು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು. ಅಕ್ಕ ಒಲೆಯ ಪಕ್ಕದ ಕಟ್ಟೆಯ ಮೇಲೆ ಬ್ಯಾಂಡನ್ನಿಟ್ಟಳು. ಭಾವನ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ನಾನು ಕಂಡೆ. ಸುಳ್ಳು ಆಪಾದನೆಯಾಗಿದ್ದರೆ ಮನುಷ್ಯ ರೇಗುತ್ತಾನೆ, ನಗುತ್ತಾನೆ, ಏನಾದರೂ ಅನ್ನುತ್ತಾನೆ. ಇವರು ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ತಗ್ಗಿಸಿದರು.

"ಯಾರದ್ದು ಅಂತ ಒಂದ್ಸಲ ಹೇಳ್ಬಿಡಿ," ಎಂದಳು ಅಕ್ಕ. "ನಾನು ಕೂಗಾಡಲ್ಲ."

ಭಾವ ಬಾಯಿ ಬಿಡಲಿಲ್ಲ. ನನಗೆ ಅವರ ಮುಖ ನೋಡಲಾಗದೆ ಬ್ಯಾಂಡನ್ನೇ ನೋಡುತ್ತ ನಿಂತೆ. ದಿನವೆಲ್ಲ ಇಂಥವುಗಳಲ್ಲೇ ಕೈಯಾಡಿಸುವವಳು ನಾನು. ಹಾಕಿಕೊಂಡ ಬ್ಯಾಂಡಿನಲ್ಲಿ ಒಂದೆಳೆಯಾದರೂ ಕೂದಲು ಸಿಕ್ಕಿಕೊಂಡಿರುತ್ತದೆ. ಇದರಲ್ಲಿ ಒಂದೂ ಇರಲಿಲ್ಲ. ಮಗುಚಿ ನೋಡಿದರೆ ಒಳಮೈಯಲ್ಲಿ ಸಣ್ಣ ಕಪ್ಪು ಗೆರೆಗಳು, ಒಂದರ ಪಕ್ಕ ಒಂದು, ಆರು. ಇದೇನು ವಿಚಿತ್ರ ಎಂದು ಬಾಯಿ ತೆರೆಯುವಷ್ಟರಲ್ಲಿ ಹಾಲು ಅಂಚಿನವರೆಗೆ ಉಕ್ಕಿಬಂತು.

ಭಾವ ಇಕ್ಕಳಕ್ಕಾಗಿ ಹುಡುಕಲಿಲ್ಲ. ನಮ್ಮನ್ನೇ ನೋಡುತ್ತ ಬಲಗೈಯಿಂದ ಒಲೆ ಆರಿಸಿ, ಎಡಗೈಯ ಹೆಬ್ಬೆರಳು ತೋರುಬೆರಳುಗಳಿಂದ ಪಾತ್ರೆಯ ಅಂಚು ಹಿಡಿದು ಎತ್ತಿದರು. ಎತ್ತಿ, ಒಂದು ಹನಿಯೂ ಚೆಲ್ಲದಂತೆ ನಿಧಾನವಾಗಿ ಪಕ್ಕಕ್ಕಿಟ್ಟರು. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ. ಚರ್ಮ ಸುಟ್ಟ ವಾಸನೆ ಮೊದಲು ಬಂದದ್ದು ನನ್ನ ಮೂಗಿಗೆ. ಕೂದಲು ಸುಟ್ಟ ವಾಸನೆಗೆ ಒಗ್ಗಿಹೋದವಳು ನಾನು, ಇದು ಅದಲ್ಲ.

"ರೀ, ಕೈ," ಎಂದಳು ಅಕ್ಕ.

ಭಾವ ತಮ್ಮ ಬೆರಳನ್ನು ಯಾರದೋ ಬೆರಳು ನೋಡುವಂತೆ ನೋಡಿಕೊಂಡರು. ತುದಿಯ ಚರ್ಮ ಬೆಳ್ಳಗಾಗಿ ಎದ್ದುಕೊಂಡಿತ್ತು. ನಾವಿಬ್ಬರೂ ಗರ ಬಡಿದವರಂತೆ ನಿಂತುಬಿಟ್ಟೆವು. ಸುಟ್ಟದ್ದು ನೋಡಿ ಅಲ್ಲ, ಸುಟ್ಟದ್ದು ಅವರಿಗೆ ತಿಳಿಯದೆ ಹೋದದ್ದು ನೋಡಿ. ಅವರ ಕೈಯನ್ನು ನಲ್ಲಿಯ ಕೆಳಗೆ ಹಿಡಿದವಳು ನಾನು.

ಆಮೇಲೆ ನೀರಿನ ಸದ್ದಿನಲ್ಲೇ ಒಂದೊಂದಾಗಿ ಹೊರಬಂತು. ಬೆರಳುಗಳು ಜೋಮು ಹಿಡಿದು ತಿಂಗಳುಗಳೇ ಆಗಿದ್ದವು. ಮೊದಮೊದಲು ಕೈ ಕೊಡವಿದರೆ ಸರಿಹೋಗುತ್ತಿತ್ತಂತೆ, ಆಮೇಲೆ ಅದೂ ಇಲ್ಲ. ತಂತಿಗೆ ತಾಗಿದೆಯೋ ಇಲ್ಲವೋ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಪಾರ್ಟಿಯಲ್ಲಿ ಹಾಡಿನ ನಡುವೆ ತಂತಿ ಗುಂಯ್ ಎಂದಾಗ ಡ್ರಮ್ ಬಾರಿಸುವವನು ನಗುತ್ತಾ 'ಶ್' ಎಂದನಂತೆ. ಮರುದಿನವೇ ಪೇಟೆಯಲ್ಲಿ ಬ್ಯಾಂಡು ಕೊಂಡು, ವೇದಿಕೆಯ ಕತ್ತಲಲ್ಲಿ ಯಾರಿಗೂ ಕಾಣದಂತೆ ಸುತ್ತಿಕೊಳ್ಳತೊಡಗಿದರು. ನನ್ನ ಡಬ್ಬಿಯಿಂದ ಒಂದು ಕೇಳಲೂ ನಾಚಿಕೆ.

ನನಗೆ ಕಣ್ಣಲ್ಲಿ ನೀರು ಬಂತು. ಅಕ್ಕನಿಗೆ ಬರಲಿಲ್ಲ.

"ನಾನು ಇನ್ನೊಬ್ಬಳದ್ದು ಅಂದ್ಕೊಂಡಿದೀನಿ ಅಂತ ನಿಮಗೆ ಗೊತ್ತಾಯ್ತು ಅಲ್ವಾ?" ಎಂದು ಕೇಳಿದಳು.

"ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀನು ಹಾಗೇ ಅಂದ್ಕೊಂಡಿದ್ರೂ ಪರವಾಗಿರ್ಲಿಲ್ಲ," ಎಂದರು ಭಾವ. "ಇದು ಗೊತ್ತಾಗೋದು ಬೇಡವಾಗಿತ್ತು."

ಈ ಮಾತು ನಾನು ನನ್ನ ಕಿವಿಯಾರೆ ಕೇಳಿದ್ದು. ನಲ್ಲಿ ನಿಲ್ಲಿಸುವುದನ್ನೂ ಮರೆತೆ. ಆಗಷ್ಟೇ ಬಂದಿದ್ದ ಕನಿಕರವೆಲ್ಲ ಹಿಂದಕ್ಕೆ ಹೋಯಿತು.

ಅಕ್ಕ ಬ್ಯಾಂಡನ್ನು ಮತ್ತೆ ಕರ್ಚೀಫಿನಲ್ಲಿ ಮಡಿಸಿದಳು. "ನನ್ನ ಬಿಟ್ಕೊಡೋಕೆ ತಯಾರಾಗಿದ್ರಿ," ಎಂದಳು. "ಆ ಬೆರಳನ್ನ ಬಿಟ್ಕೊಡೋಕೆ ಮಾತ್ರ ಆಗ್ಲಿಲ್ಲ." ಅದೇ ಕೊನೆ. ಆಮೇಲೆ ಅವಳು ಗಂಡನೊಡನೆ ಮಾತಾಡಲಿಲ್ಲ.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದರು ವೈದ್ಯರು. ಆಪರೇಷನ್ ಆಯಿತು. ಸ್ಪರ್ಶ ಎಷ್ಟು ಮರಳುತ್ತದೆಂದು ಈಗಲೇ ಹೇಳಲಾಗದು, ಕಾದು ನೋಡಬೇಕು ಎಂದರು. ಆಸ್ಪತ್ರೆಗೆ ಕರೆದೊಯ್ದವಳು ಅಕ್ಕ, ಮುಲಾಮು ಹಚ್ಚಿದವಳು ಅಕ್ಕ, ಶರ್ಟಿನ ಗುಂಡಿ ಹಾಕಿದವಳು ಅಕ್ಕ. ಬಾಯಿಗೆ ಮಾತ್ರ ಬೀಗ. ಹೇಳಲೇಬೇಕಾದದ್ದಿದ್ದರೆ ನನ್ನ ಕಡೆ ತಿರುಗಿ "ನಿಮ್ಮ ಭಾವನಿಗೆ ಹೇಳು" ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತ ಭಾವನಿಗೆ ನಾನು ಅದನ್ನೇ ಮತ್ತೊಮ್ಮೆ ಹೇಳಬೇಕು. ಅಂಚೆಯವಳಾಗಿ ನನಗೂ ಸಾಕುಬೇಕಾಗಿ ಹೋಗಿತ್ತು. ಬ್ಯಾಂಡಿನವರು ಬೇರೆ ಗಿಟಾರಿನವನನ್ನು ಹುಡುಕಿಕೊಂಡರು, ಪಾಠ ನಿಂತಿತು.

ಗಾಯ ಪೂರ್ತಿ ಮಾಗಿದ ಮೇಲೆ ಒಂದು ಭಾನುವಾರ, ಹಿತ್ತಿಲ ಬಾಗಿಲಲ್ಲಿ ಅಕ್ಕನನ್ನು ಕೂರಿಸಿಕೊಂಡು ಕೂದಲು ಕತ್ತರಿಸುತ್ತಿದ್ದೆ. ಮುಂಗೋಣೆಯಲ್ಲಿ ಸ್ಪೀಕರಿನ ಗುಂಡಿ ಟಕ್ ಎಂದಿತು. ಭಾವ ಗಿಟಾರ್ ಎತ್ತಿಕೊಂಡಿದ್ದರು. ಬ್ಯಾಂಡು ಅಕ್ಕನ ಬಳಿಯೇ ಇದ್ದುದರಿಂದ ಬರಿಯ ಬೆರಳಲ್ಲೇ ನುಡಿಸಬೇಕಿತ್ತು. ಒಂದು ಸ್ವರ ಶುದ್ಧವಾಗಿ ಬಂತು, ಇನ್ನೊಂದೂ ಬಂತು. ಮುಂದಿನದರ ಬೆನ್ನಿಗೇ ಗುಂಯ್ ಎಂದಿತು. ನಿಲ್ಲಿಸಿದರು. ಮತ್ತೆ ನುಡಿಸಿದರು. ಮತ್ತೆ ಅದೇ ಜಾಗದಲ್ಲಿ ಗುಂಯ್.

"ಶ್," ಎಂದಳು ಅಕ್ಕ.

ನನ್ನ ಕತ್ತರಿ ಗಾಳಿಯಲ್ಲೇ ನಿಂತಿತು.

"ಯಾವ ತಂತಿ?" ಎಂದು ಭಾವ ಅಲ್ಲಿಂದಲೇ ಕೇಳಿದರು. ಯಾವುದೆಂದು ಅವರಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಅಕ್ಕ ಜೀವಮಾನದಲ್ಲಿ ಒಮ್ಮೆಯೂ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡವಳಲ್ಲ. ಒಂದು ಪಾಠವನ್ನೂ ಕೂತು ಕೇಳಿದವಳಲ್ಲ. ಕುತ್ತಿಗೆಯ ಮೇಲೆ ಬಿದ್ದ ಕೂದಲನ್ನು ಒರೆಸಿಕೊಳ್ಳುತ್ತ, "ಮೂರನೇದು," ಎಂದಳು.