ಶಾಲು ಹೊದಿಸಿ ಕಳಿಸಿದರು

ಟಿನ್ ಫ್ಯಾಕ್ಟರಿ ಹಿಂದಿನ ನಮ್ಮ ಹಳ್ಳಿ ಈಗ ಹಳ್ಳಿಯಲ್ಲ. ರಾಗಿ ಕಣ ಇದ್ದ ಜಾಗದಲ್ಲಿ ಲೈಟ್ ಕಂಬ ನೆಟ್ಟು ಕಬಡ್ಡಿ ಗ್ರೌಂಡ್ ಮಾಡಿದ್ದಾರೆ. ನನ್ನ ಮೊಮ್ಮಗಳು ಅಲ್ಲಿ ಆಡ್ತಿದ್ದಳು. ಡಿಗ್ರಿ ಓದೋ ಹುಡುಗಿ, ರೈಡಿಗೆ ಹೋದರೆ ಬರಿಗೈಲಿ ಬಂದವಳಲ್ಲ.

ಒಂದು ಸಂಜೆ ಆಟ ಮುಗಿಸಿ ಬಂದವಳು ಬಚ್ಚಲಿಗೆ ಹೋಗಿ ಹೊರಗೇ ಬರಲಿಲ್ಲ. ಬಾಗಿಲು ಬಡಿದೆ, ಬೈದೆ. ಆಮೇಲೆ ಬಾಯಿಬಿಟ್ಟಳು. ಕಾಲು ಹಿಡ್ಕೊಂಡಿದೆ ಅಂದದ್ದಕ್ಕೆ ಕೋಚು ಸಾಮಾನಿನ ರೂಮಿಗೆ ಕರೆದು, ಎಣ್ಣೆ ಹಚ್ತೀನಿ ಅಂತ ಕೈ ಹಾಕಬಾರದ ಕಡೆ ಹಾಕಿದ್ದ. ಈ ಮುಂಚೆಯೂ ಹಾಗೇ ಮಾಡಿದ್ದನಂತೆ.

ನೇರ ಟೀಮ್ ನಡೆಸೋ ಕಮಿಟಿಯವರ ಹತ್ರ ಹೋದೆ. ಕಮಿಟಿ ಅಂದರೆ ಬೇರೆ ಯಾರೂ ಅಲ್ಲ, ಜಮೀನು ಮಾರಿ ಬಾಡಿಗೆ ಮನೆ ಕಟ್ಟಿಸಿಕೊಂಡಿರೋ ನಮ್ಮ ನೆಂಟರೇ.

"ಸ್ಟೇಷನ್ನು ಗೀಷನ್ನು ಬೇಡ ದೊಡ್ಡಮ್ಮ, ಹುಡುಗಿ ಹೆಸರು ಕೆಡತ್ತೆ. ಅವನನ್ನ ಕಳಿಸಿಬಿಡ್ತೀವಿ" ಅಂದ ನನ್ನ ಮೈದುನನ ಮಗ.

"ಹೆಂಗೆ ಕಳಿಸ್ತೀಯ?"

"ಮರ್ಯಾದೆಯಾಗಿ."

ಅದೇನು ಮರ್ಯಾದೆ ಅಂತ ಭಾನುವಾರ ಗೊತ್ತಾಯ್ತು. ಶಾಮಿಯಾನ, ಮೈಕು, ಮೈಸೂರು ಪೇಟ, ಶಾಲು. ಬೀಳ್ಕೊಡುಗೆ ಸನ್ಮಾನವಂತೆ. ಹಣ್ಣಿನ ತಟ್ಟೆ ಹಿಡಿಯೋಕೆ ನನ್ನ ಮೊಮ್ಮಗಳನ್ನೇ ಕರೆದರು. ಅವಳು ಪಕ್ಕ ನಿಂತರೆ ಊರಿನ ಬಾಯಿ ಮುಚ್ಚತ್ತೆ. ನಿಲ್ಲದಿದ್ದರೆ ಟೀಮಲ್ಲಿ ಜಾಗ ಇಲ್ಲ ಅಂದರು.

"ಹೋಗಬೇಡ ಕಣೇ. ಸ್ಟೇಷನ್ನಿಗೆ ನಡಿ, ನಾನೂ ಬರ್ತೀನಿ" ಅಂದೆ.

"ನಾನು ಆಡಬೇಕು ಅಜ್ಜಿ. ಒಂದು ಗಳಿಗೆ ತಾನೆ, ನಿಂತು ಬಂದುಬಿಡ್ತೀನಿ."

ಹೋದಳು. ಫೋಟೋದವನು ನಗಮ್ಮ ಅಂದ, ನಕ್ಕಳು. ಮಾರನೇ ದಿನ ಶೂ ಕಟ್ಟಿಕೊಂಡು ಗ್ರೌಂಡಿನ ಗೇಟಿನ ತನಕ ಹೋಗಿ ವಾಪಸ್ ಬಂದಳು. ಆಮೇಲೆ ಹೋಗಲೇ ಇಲ್ಲ. ಈಗ ಯಾರೂ ಬೇಡ ಅನ್ನುತ್ತಿರಲಿಲ್ಲ, ಅವಳ ಕಾಲೇ ಒಳಗೆ ಹೋಗಲಿಲ್ಲ.

ಆ ಕೋಚು ಕಲ್ಯಾಣ ನಗರದಲ್ಲಿ ಹೆಣ್ಣುಮಕ್ಕಳ ಟೀಮ್ ಕಟ್ಟಿದಾನೆ ಅಂತ ಕಿವಿಗೆ ಬಿತ್ತು. ಹೋಗಿ ಅಲ್ಲಿನ ತಾಯಂದಿರಿಗೆ ಹೇಳಿ ಬರ್ಲಾ ಅಂತ ಮೊಮ್ಮಗಳನ್ನ ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ದವಳು, "ಹೇಳು. ನಂದೂ ಹೇಳು" ಅಂದಳು.

ಬಸ್ಸು ಹತ್ತಿ ಹೋದೆ. ಅಲ್ಲಿನ ಗ್ರೌಂಡಿನ ಗೇಟಲ್ಲಿ ತಾಯಂದಿರು ಮಕ್ಕಳಿಗೆ ಕಾಯ್ತಾ ನಿಂತಿದ್ದರು. ಅವನು ಎಂಥವನು, ನನ್ನ ಮೊಮ್ಮಗಳಿಗೆ ಏನು ಮಾಡಿದ, ಎಲ್ಲಾ ಸುತ್ತಿಬಳಸದೆ ಹೇಳಿದೆ.

ಚೂಡಿದಾರದವಳೊಬ್ಬಳು ನಕ್ಕಳು. "ಯಾರು ಕಳಿಸಿದ್ದು ಅಜ್ಜಿ ನಿಮ್ಮನ್ನ, ಬೇರೆ ಟೀಮೋರಾ? ಅಲ್ನೋಡಿ."

ಗೇಟಿನ ಮೇಲೆ ಫ್ಲೆಕ್ಸು. ಅದರಲ್ಲಿ ಪೇಟ, ಶಾಲು, ಅವನ ಹಲ್ಲು.

"ಅಂಥೋನಾಗಿದ್ರೆ ಊರೋರು ಶಾಲು ಹೊದಿಸ್ತಿದ್ರಾ? ಪಕ್ಕದಲ್ಲಿ ತಟ್ಟೆ ಹಿಡ್ಕೊಂಡಿರೋ ಹುಡುಗಿ ನೋಡಿ, ಹೆಂಗೆ ನಗ್ತಿದಾಳೆ."

"ಅವಳೇ ಕಣಮ್ಮ ನನ್ನ ಮೊಮ್ಮಗಳು."

ಚೂಡಿದಾರದವಳು ಫ್ಲೆಕ್ಸು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಒಳಗೆ ತಿರುಗಿ ಮಗಳನ್ನ ಜೋರಾಗಿ ಕೂಗಿದಳು. ಮಿಕ್ಕ ತಾಯಂದಿರು ನಿಂತಲ್ಲೇ ನಿಂತಿದ್ದರು. ಒಳಗೆ ಅವನು ಸೀಟಿ ಊದಿದ.