ಒರಸಿದ್ರ ಹೋಗೋ ಹಣಿಬರಹ

ಮೊದಲ ಸುದ್ದಿ ಕೇಳ್ರಿ, ಆಮ್ಯಾಲ ಕುಂಡ್ರುವಂತ್ರಿ. ನಮ್ಮ ಮೊಮ್ಮಗಳು ಗಂಗಿ ಇವತ್ತ ಸಾಲ್ಯಾಗ, ಹಾಳಿ ಮ್ಯಾಲ, ಪೆನ್ನ ಹಿಡದು ಐದ ಸಾಲ ಬರದು ಬಂದಾಳ. ಎರಡ ತಪ್ಪ ಅದಾವು. ಆ ಎರಡ ತಪ್ಪಿಗೇ ನನಗ ಹೆಚ್ಚಿನ ಖುಷಿ, ಯಾಕಂದ್ರ ತಪ್ಪಾದ್ರೂ ಕೂಸು ಅಳಲಿಲ್ಲ. ರೋಣದಾಗ ಸಿಕ್ಕವರಿಗೆಲ್ಲಾ ಹೇಳೀನಿ. ಯಾವಗಲ್ ಊರಿನ ಬಸ್ಸಿನ ಕಂಡಕ್ಟರಗೂ ಹೇಳಿದೆ. ಅವಾ, ಭಾಳ ಚಲೋ ಆತು ಅಜ್ಜಾರ, ಮೊದಲ ಟಿಕೀಟ ತಗೋರಿ ಅಂದ.

ಗಂಗಿ ಮೂರನೇ ಇಯತ್ತಿ. ಅಕ್ಷರ ಅಂದ್ರ ಅಕಿ ಕೈಯಾಗ ಎಡಕ್ಕಿದ್ದದ್ದು ಬಲಕ್ಕ ತಿರಗತಿದ್ವು. ನೋಟಬುಕ್ಕ ತುಂಬ ಕೆಂಪ ಗೀಟು. ಬರ್ತಬರ್ತಾ ನೋಟಬುಕ್ಕ ತಗದ್ರ ಸಾಕು, ಹೊಟ್ಟಿನೋವು ಅಂತ ಮಕ್ಕೊಳ್ಳಾಕತ್ತಿದ್ಲು. ಒಂದಿನ ನಾನ, ಎರಡ ಇಯತ್ತಿ ಕಲ್ತ ಮಹಾಪಂಡಿತ, ಅಕಿ ಹಣಿಬರಹದಾಗ ಅಕ್ಷರ ಬರದಿಲ್ಲ ಬಿಡು ಅಂದುಬಿಟ್ಟೆ. ಕೂಸು ಬಾಗಲದಾಗ ನಿಂತಿತ್ತು.

"ಅಜ್ಜಾ, ಹಣಿಬರಹ ಒರಸಾಕ ಬರ್ತೇತೇನು?"

ಎಮ್ಮಿ ಒದರಿದಂಗಾತು ಅಂತ ಎದ್ದು ಹೋದೆ. ಎಮ್ಮಿ ಒದರಿದ್ದಿಲ್ಲ.

ಆಮ್ಯಾಲ ನಮ್ಮ ಸೊಸಿ ಗಜೇಂದ್ರಗಡದಿಂದ ಒಂದ ಕಟ್ಟು ಕಾರ್ಡ ತಂದ್ಲು. ಅಂಗೈ ಅಗಲ, ಹಾಲಿನಂಗ ಬೆಳ್ಳಗ, ಒಳಗ ಏನೂ ಇಲ್ಲ. ಏನೂ ಇಲ್ಲದ್ದನ್ನ ಯಾಕ ತಂದಿ ಅಂದೆ. ಕೂಡ ಬಂದ ಪೆನ್ನಿಲೆ ಗೀಟ ಹೊಡದು ಅರಿವಿ ಚೂರಿಲೆ ಒರಸಿ ತೋರಿಸಿದ್ಲು. ಬರದದ್ದ ಸುಳ್ಳ ಅನ್ನುವಂಗ ಹೋತು! ನಮ್ಮ ಕಾಲದಾಗ ಕಲ್ಲಿನ ಪಾಟಿ ಇತ್ತು. ಉಗುಳು ಹಚ್ಚಿ ಒರಸಿದ್ರ ಸರಸ್ವತಿ ಸಿಟ್ಟಾಗತಾಳ ಅಂತಿದ್ರು, ನಾವು ಹಚ್ಚೇ ಒರಸತಿದ್ವಿ. ನನ್ನ ಪಾಟಿ ಒಡೀತು, ಸಾಲಿನೂ ಅಲ್ಲಿಗೇ ಮುಗೀತು.

ಈ ಕಾರ್ಡ ಒಡಿಯೂದಿಲ್ರಿ. ಒಂದು ಮಜ್ಜಿಗ್ಯಾಗ ಬಿತ್ತು, ತೊಳದಿಟ್ವಿ. ಒಂದರ ಮ್ಯಾಲ ಎಮ್ಮಿ ಕಾಲಿಟ್ಟಿತು, ಮೂಲಿ ಅಷ್ಟ ಮಣೀತು. ನನ್ನ ಹೆಂಡತಿ ಒಂದನ್ನ ಕಸಗೊಂಡು ಹಿಟ್ಟಿನ ಡಬ್ಬಿಗೆ ಆನಿಸ್ಯಾಳ, ಮನಿಯಾಗ ಏನ ತೀರೇತಿ ಅಂತ ಸೊಸಿ ಕಡಿಂದ ಬರಸ್ತಾಳ. ಗಂಗಿನೂ ಬರದು ಬರದು ಒರಸಾಕತ್ತಿದ್ಲು. ತಪ್ಪು ಕೆಂಪ ಗೀಟಿಗೆ ಸಿಗೂದರೊಳಗ ಮಾಯ.

ಅದ್ರಾಗ ನಂದೊಂದು ಶಾಣ್ಯಾತನ ನೋಡ್ರಿ. ನಾನು ಅಡತಿ ಅಂಗಡಿಯಾಗ ಕಡ್ಲಿ ಚೀಲದ ಮ್ಯಾಲ ಊರ ಹೆಸರು ಬರದು ಬರದು ಮುದುಕಾದಾವ. ಮುಶಿಗೇರಿ, ಮೆಣಸಗಿ, ಯಾವಗಲ್ — ನನ್ನ ವಿದ್ಯಾ ಎಲ್ಲಾ ಅಷ್ಟ. ಆ ಚೀಲದ ಪೆನ್ನು ಇನ್ನೂ ಕಿಸೆದಾಗ ಇರ್ತೇತಿ. ಅದರ್ಲೆ ಕಾರ್ಡಿನ ಮ್ಯಾಲ ದೊಡ್ಡದಾಗಿ 'ಗಂಗಾ' ಅಂತ ಬರದುಕೊಟ್ಟೆ. ಒರಸಿದ್ರ ಹೋಗವಲ್ದು. ಧೋತರ ಆತು, ಬೂದಿ ಆತು, ಸಬಕಾರ ಆತು. ಕೂಸು ಕಾರ್ಡ ಎತ್ತಿ ನನ್ನ ಮುಂದ ಹಿಡೀತು.

"ಹಣಿಬರಹ ಹಿಂಗ ಇರ್ತೇತಲ್ಲಾ ಅಜ್ಜಾ?"

ಆಗ ಸೊಸಿ ಸಾವಕಾಶ ಅಂದ್ಲು, "ಮಾವಾರ, ಸುಮ್ಮ ತಿಕ್ಕಬ್ಯಾಡ್ರಿ. ಅದರ ಮ್ಯಾಲ ಅಕಿ ಪೆನ್ನಿಲೆ ಅಕೀನ ಬರೀಲಿ."

ಗಂಗಿ ನನ್ನ ಅಕ್ಷರದ ಮ್ಯಾಲ ತನ್ನ ಒರಸೋ ಪೆನ್ನ ಎಳದ್ಲು, ಗ ಇದ್ದಲ್ಲಿ ಗ, ಸೊನ್ನಿ ಇದ್ದಲ್ಲಿ ಸೊನ್ನಿ. ಅರಿವಿಲೆ ಒರಸಿದ್ಲು. ಅಕಿದೂ ಹೋತು, ನಂದೂ ಹೋತು! ಹೋಗದ ಬರಹ ತಿಕ್ಕಿದ್ರ ಹೋಗೂದಿಲ್ಲ, ಅದರ ಮ್ಯಾಲ ನಾವ ಬರದ್ರ ಹೋಗ್ತೇತಿ. ಇದು ನನಗ ಈ ವಯಸ್ಸಿನಾಗ ತಿಳೀತು.

ಕೂಸು ನಕ್ಕು, "ಹೊಳ್ಳಿ ಬರಿ ಅಜ್ಜಾ" ಅಂತು. ಅವತ್ತಿನಿಂದ ದಿನಾ ಸಂಜಿಗೆ ನನ್ನ ಚೀಲದ ಊರು ನಾ ಬರಿಯೂದು, ಅಕಿ ಮ್ಯಾಲ ತಿದ್ದೂದು, ಒರಸೂದು. ಐದ ತಿಂಗಳದಾಗ ರೋಣ ತಾಲೂಕ ಎಷ್ಟ ಸರ್ತಿ ಅಳಿಸಿ ಹುಟ್ಟೇತೋ! ಕಾರ್ಡ ಮಾತ್ರ ಇನ್ನೂ ಬೆಳ್ಳಗ ಅದಾವು.

ಹಾಳಿ ಮ್ಯಾಲಿನ ಆ ಐದ ಸಾಲಿನ ಖುಷಿಗೆ ಇವತ್ತ ಸಂಜಿಗೆ ಬೆಲ್ಲದ ಗ್ವಾದಿ ಹುಗ್ಗಿ. ಮಗ, ಸೊಸಿ, ನನ್ನ ಹೆಂಡತಿ, ನಾನು, ಗಂಗಿ, ಐದೂ ಮಂದಿ ಸಾಲಾಗಿ ಕುಂತ್ವಿ. ಎಲ್ಲಾರ ತಾಟಿನ ಮುಂದೂ ಗಂಗಿ ಒಂದೊಂದು ಕಾರ್ಡ ಇಟ್ಟಿದ್ಲು, ಹೆಸರು ಬರದು. ನನ್ನ ಮುಂದಿಂದು 'ಅಜ್ಜ'. ಎಲ್ಲಾರದೂ ಒರಸೋ ಪೆನ್ನಿಂದು, ನಂದೊಂದ ಚೀಲದ ಪೆನ್ನಿಂದು. ಯಾವಾಗ ನನ್ನ ಕಿಸೆಕ್ಕ ಕೈ ಹಾಕಿದ್ಲೋ!

ಅದನ್ನ ಅಳಸೋ ಯುಕ್ತಿ ಈಗ ನನಗ ಗೊತ್ತೈತಿ. ಅಳಸೋ ಮನಸ್ಸಿಲ್ಲ. ಮೊದಲನೇ ತುತ್ತಿಗೇ ಹುಗ್ಗಿ ಮ್ಯಾಲಿನ ತುಪ್ಪ ಕಾರ್ಡಿನ ಮ್ಯಾಲ ಬಿತ್ತು. ನನ್ನ ಹೆಂಡತಿ, ಇವರಿಗೆ ಉಣ್ಣಾಕೂ ತಿದ್ದಿ ಕಲಿಸಬೇಕು ಅಂದ್ಲು. ಎಲ್ಲಾರೂ ನಕ್ರು. ನಾನು ಧೋತರದ ಚುಂಗಿಲೆ ಒರಸಿದೆ. ತುಪ್ಪ ಹೋತು, ಅಜ್ಜ ಉಳದ.