ಆಯ್ತು ಸಿಸ್ಟರ್ ಅವರ ಅಭಿಪ್ರಾಯ

ಒಬ್ಬ ಹೆಂಗಸನ್ನು ಹತ್ತೊಂಬತ್ತು ವರ್ಷ ನಾಲ್ಕು ತಿಂಗಳು ದುಡಿಸಿಕೊಂಡು, ಅಷ್ಟು ಕಾಲದಲ್ಲಿ ಒಮ್ಮೆಯೂ "ನಿಮಗೇನನ್ನಿಸುತ್ತದೆ?" ಎಂದು ಕೇಳದೆ ಇದ್ದುಬಿಟ್ಟು, ಆಮೇಲೆ ಒಂದು ಬೆಳಿಗ್ಗೆ ಅವಳನ್ನು ಮೇಜಿನ ಮುಂದೆ ಕೂರಿಸಿ, ನಾಲ್ಕು ನಿಮಿಷದಲ್ಲಿ ನಿಮ್ಮ ಅಭಿಪ್ರಾಯವನ್ನು ಮಂಡಿಸಿ, ಇನ್ನೈದು ನಿಮಿಷ ಅದನ್ನು ವಾದಿಸಿ ಉಳಿಸಿಕೊಳ್ಳಿ, ಅದೂ ಜರ್ಮನ್ ಭಾಷೆಯಲ್ಲಿ, ಎಂದರೆ ಆಕೆ ಏನು ಮಾಡಬೇಕು? ಅಭಿಪ್ರಾಯವೆಂಬುದು ನಲ್ಲಿ ತಿರುಗಿಸಿದರೆ ಬರುವ ನೀರೇ?

ಆಕೆ ಮೂವತ್ತೆರಡು ಹಾಸಿಗೆಗಳ ಶಸ್ತ್ರಚಿಕಿತ್ಸೆ ವಾರ್ಡಿನ ನರ್ಸು. ಕೆಲಸ ಗುತ್ತಿಗೆಯದು. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಮನೆಗೆ ಕಳುಹಿಸಿ, ಮರುದಿನ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಹೀಗೆ ಇಪ್ಪತ್ತೊಂದು ಗುತ್ತಿಗೆ ಮುಗಿದು ಇಪ್ಪತ್ತೆರಡನೆಯದು ನಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು 'ಆಯ್ತು ಸಿಸ್ಟರ್' ಎನ್ನುತ್ತಿದ್ದರು. ಅದು ಹಾಸ್ಯಕ್ಕಿಟ್ಟ ಹೆಸರಾದರೂ ಕಾರಣ ಕೆಲಸದ ನಿಯಮವೇ. ವೈದ್ಯರು ಬಾಯಿಮಾತಿನಲ್ಲಿ ಔಷಧ ಹೇಳಿದರೆ ನರ್ಸು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ವೈದ್ಯರು ಹೌದೆಂದ ಮೇಲೆ 'ಆಯ್ತು' ಎನ್ನಬೇಕು. ಇದರಲ್ಲಿ ಸಿಸ್ಟರ್ ಒಂದು ದಿನವೂ ತಪ್ಪಿದವರಲ್ಲ. ಸೇರಿದ ಮೊದಲ ವಾರ ರೋಗಿಯ ದಾಖಲೆಯಲ್ಲಿ 'ಇವರು ಹೆದರಿದ್ದಾರೆ ಎನ್ನಿಸುತ್ತದೆ' ಎಂದು ಬರೆದಿದ್ದರು. ಆಗಿನ ಹಿರಿಯ ಸಿಸ್ಟರ್ ಅದರ ಮೇಲೆ ಕೆಂಪು ಗೆರೆ ಎಳೆದು, "ಕಂಡಿದ್ದು ಬರಿ. ಅನ್ನಿಸಿದ್ದನ್ನ ಮನೆಗೆ ತಗೊಂಡು ಹೋಗು" ಎಂದಿದ್ದರು. ಅಂದಿನಿಂದ ಅನ್ನಿಸಿದ್ದೆಲ್ಲ ಮನೆಗೆ ಹೋಯಿತು. ಮನೆಯಲ್ಲೂ ಯಾರೂ ಕೇಳಲಿಲ್ಲ.

ಜರ್ಮನ್ ಮಾತನಾಡುವ ಊರೊಂದರ ಆಸ್ಪತ್ರೆ ಅವರಿಗೆ ಕಾಯಂ ಹುದ್ದೆ ಕೊಡಲು ಒಪ್ಪಿತ್ತು. ಷರತ್ತು ಒಂದೇ: ಭಾಷಾ ಪರೀಕ್ಷೆಯ ನಾಲ್ಕೂ ಭಾಗದಲ್ಲಿ ನೂರಕ್ಕೆ ಅರವತ್ತು ಅಂಕ ಗಳಿಸಿದ ಪ್ರಮಾಣಪತ್ರ ಮೂವತ್ತನೆಯ ತಾರೀಖಿನೊಳಗೆ ತಲುಪಬೇಕು. ಓದುವುದರಲ್ಲಿ ಎಪ್ಪತ್ತೆಂಟು, ಕೇಳುವುದರಲ್ಲಿ ಎಪ್ಪತ್ತೊಂದು, ಬರೆಯುವುದರಲ್ಲಿ ಎಂಬತ್ತಮೂರು ಬಂದಿತ್ತು. ಮಾತನಾಡುವುದರಲ್ಲಿ ಮೊದಲ ಸಲ ನಲವತ್ತೊಂಬತ್ತು, ಎರಡನೆಯ ಸಲ ಐವತ್ತನಾಲ್ಕು. ಗಡುವಿನೊಳಗೆ ಉಳಿದಿದ್ದುದು ಇನ್ನೊಂದೇ ಪರೀಕ್ಷೆ.

ಎರಡನೆಯ ಸಲ ನಪಾಸಾದ ಮಾರನೆಯ ದಿನ, ಅವರಿಗೆ ಜರ್ಮನ್ ಕಲಿಸುತ್ತಿದ್ದ ಇಪ್ಪತ್ತೇಳು ವರ್ಷದ ಮೇಡಂ ಅಂಕಪಟ್ಟಿ ಹಿಡಿದು ವಿಚಾರಣೆಗೆ ಕುಳಿತರು.

"ವಿಷಯ ಏನಿತ್ತು ಸಿಸ್ಟರ್?"

"ಆಸ್ಪತ್ರೆಗೆ ರೋಗಿಗಳನ್ನ ನೋಡೋಕೆ ಬರೋರಿಗೆ ಹೊತ್ತು ಗೊತ್ತು ಇರಬೇಕಾ ಅಂತ."

"ನಿಮ್ಮ ವಾರ್ಡಿನ ವಿಷಯಾನೇ! ಚರ್ಚೆಗೆ ಎದುರಿಗೆ ಕೂತಿದ್ದ ಇನ್ನೊಬ್ಬ ಅಭ್ಯರ್ಥಿ ಏನಂದ್ರು?"

"ಯಾವಾಗ ಬೇಕಾದ್ರೂ ಬರಲಿ ಅಂದ್ರು."

"ನೀವೇನಂದ್ರಿ?"

"ಅವರು ಹೇಳಿದ್ದನ್ನ ಪೂರ್ತಿ ತಿರುಗಿ ಹೇಳಿದೆ. ಒಂದು ಪದ ಬಿಡ್ಲಿಲ್ಲ ಮೇಡಂ."

"ಆಮೇಲೆ?"

"ಗೆನಾವ್ ಅಂದೆ."

ಗೆನಾವ್ ಎಂದರೆ ಜರ್ಮನ್ನಿನಲ್ಲಿ 'ಖಂಡಿತ, ಹಾಗೆಯೇ' ಎಂದು. ಮೇಡಂ ಕಣ್ಣು ಮುಚ್ಚಿಕೊಂಡರು.

"ನಿಮ್ಮ ವಾರ್ಡಿಗೆ ಜನ ಯಾವಾಗ ಬೇಕಾದ್ರೂ ಬರಬಹುದಾ?"

"ಅಯ್ಯೋ, ಆರು ಗಂಟೆ ಆದ್ಮೇಲೆ ಒಂದು ನರಪಿಳ್ಳೆ ಇದ್ರೂ ಹೊರಗೆ ಅಟ್ತೀನಿ!"

"ಅದನ್ನ ಯಾಕೆ ಹೇಳ್ಲಿಲ್ಲ?"

"ಅವರು ಅಷ್ಟು ಖಚಿತವಾಗಿ ಹೇಳ್ತಿದ್ರಲ್ಲ ಮೇಡಂ."

"ಇದು ಚರ್ಚೆ ಸಿಸ್ಟರ್! ಡಾಕ್ಟರ ರೌಂಡ್ಸ್ ಅಲ್ಲ!" ಎಂದು ಮೇಡಂ ಹಣೆಯನ್ನು ಮೇಜಿಗೆ ಒರಗಿಸಿಬಿಟ್ಟರು. ಆಮೇಲೆ ತಲೆಯೆತ್ತಿ, ನಲವತ್ತು ವಿಷಯಗಳ ಚೀಟಿಗಳ ಕಟ್ಟೊಂದನ್ನು ಕೊಟ್ಟು, "ಮನೇಲಿ ಯಾರ ಜೊತೆಗಾದ್ರೂ ದಿನಾ ಜಗಳ ಆಡಿ. ನಿಮಗೆ ಕೈ ಮುಗಿತೀನಿ" ಎಂದರು.

ಸಿಸ್ಟರ್ ಅವರ ಗಂಡ ಬಸ್ಸಿನ ಡ್ರೈವರು. ದಿನವಿಡೀ ಪ್ರಯಾಣಿಕರ ಜೊತೆ ಗಂಟಲು ಹರಿದುಕೊಂಡು ಬಂದವರಿಗೆ ಮನೆಯಲ್ಲಿ ಮತ್ತೊಂದು ವಾದದ ಉಸಾಬರಿ ಬೇಕಿರಲಿಲ್ಲ. ಮಗಳು ಇನ್ನೂ ಚಿಕ್ಕವಳು. ಉಳಿದವರು ಅತ್ತೆ. ಅವರು ಕಿಟಕಿಯ ಪಕ್ಕ ಕುಳಿತು, ದರ್ಜಿಯ ಅಂಗಡಿಯಿಂದ ಬಂದ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದರು. ವಾದಕ್ಕೆ ಸದಾ ಸಿದ್ಧ. ಜರ್ಮನ್ ಮಾತ್ರ ಒಂದಕ್ಷರ ಬಾರದು. ಆದ್ದರಿಂದ ಅತ್ತೆ ಕನ್ನಡದಲ್ಲಿ ವಾದಿಸುವುದು, ಸೊಸೆ ಜರ್ಮನ್ನಿನಲ್ಲಿ ಉತ್ತರಿಸುವುದು ಎಂದು ಒಪ್ಪಂದವಾಯಿತು.

"ಊರೊಳಗೆ ಕಾರು ಬಿಡಬಾರದು. ನೀವೇನಂತೀರಿ ಅತ್ತೆ?"

"ಬಿಡ್ಬೇಕು."

"ನಿನ್ನೆ ತಾನೇ ಕಾರಿನೋರಿಗೆ ಹಿಡಿಶಾಪ ಹಾಕ್ತಿದ್ರಲ್ಲ?"

"ನಿನ್ನೇದು ನಿನ್ನೆಗೆ ಮುಗೀತು. ಶುರು ಮಾಡು."

ಸೊಸೆ ಶುರು ಮಾಡಿ ಅರ್ಧ ನಿಮಿಷವಾಗುವುದರೊಳಗೆ ಅತ್ತೆ ಸೂಜಿ ತೋರಿಸುತ್ತಿದ್ದರು. "ಸೋತೆ! ತಲೆ ಆಡಿಸ್ತಾ ಇದ್ದೀಯ. ನಿನ್ನ ಭಾಷೆ ನಂಗೆ ಗೊತ್ತಿಲ್ದೆ ಇರಬಹುದು, ನಿನ್ನ ಮುಖ ಗೊತ್ತಿಲ್ವಾ?"

ಹೀಗೆ ಒಂಬತ್ತು ದಿನ, ಇಪ್ಪತ್ತೇಳು ವಿಷಯ, ಇಪ್ಪತ್ತೇಳು ಸೋಲು. ಸಿಸ್ಟರಿಗೆ ತಮ್ಮ ಮೇಲೆಯೇ ರೇಗಿಹೋಯಿತು. ನಾಲಿಗೆ ಹೊರಳುತ್ತಿತ್ತು, ಪದಗಳಿದ್ದವು, ಆದರೆ ಎದುರಿನವರು ದನಿಯೆತ್ತಿದೊಡನೆ ಕತ್ತು ತಾನಾಗಿಯೇ ಒಪ್ಪಿಬಿಡುತ್ತಿತ್ತು.

ಹತ್ತನೆಯ ದಿನದ ಚೀಟಿಯನ್ನು ಅವರು ಓದಿಕೊಂಡು, ಮೆಲ್ಲನೆ ಕಟ್ಟಿನ ಅಡಿಗೆ ಸೇರಿಸಹೊರಟರು.

"ಅದ್ಯಾಕೆ ಬಚ್ಚಿಡ್ತೀಯ? ಓದು."

"ಮಕ್ಕಳಿರೋ ತಾಯಿ ಕೆಲಸಕ್ಕೆ ಅಂತ ದೂರದೇಶಕ್ಕೆ ಹೋಗಬಹುದೇ?"

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟರು. ಒಂಬತ್ತು ದಿನದಲ್ಲಿ ಅವರು ಹಾಗೆ ಮಾಡಿರಲಿಲ್ಲ.

"ಹೋಗ್ಬಾರದು. ಇಲ್ಲಿರೋ ಕೆಲಸಕ್ಕೆ ಏನಾಗಿದೆ? ಇಷ್ಟು ವರ್ಷ ಇಟ್ಕೊಂಡೋರು ನಾಳೆ ಕತ್ತು ಹಿಡಿದು ನೂಕ್ತಾರಾ? ಹನ್ನೊಂದು ವರ್ಷದ ಹುಡುಗಿ, ಅದರ ತಲೆ ಬಾಚೋರು ಯಾರು? ನನ್ನ ಕಣ್ಣು ಇನ್ನೆಷ್ಟು ದಿನ ಕಾಣುತ್ತೆ? ನಿಂಗೆ ಆ ಯೋಚನೆಯಾದ್ರೂ ಇದ್ಯಾ?"

ಇದು ಅಭ್ಯಾಸದ ವಾದವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕನ್ನಡದಲ್ಲಾಗಿದ್ದರೆ ಸಿಸ್ಟರ್ 'ಆಯ್ತು ಅತ್ತೆ' ಎಂದು ಎದ್ದುಬಿಡುತ್ತಿದ್ದರು. ಆದರೆ ಉತ್ತರ ಜರ್ಮನ್ನಿನಲ್ಲಿ ಕೊಡಬೇಕಿತ್ತು, ಅದು ಅರ್ಥವಾಗುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

"ನೈನ್" ಎಂದರು. ಇಲ್ಲ ಎಂದು. ಆಮೇಲೆ ಮೂರು ನಿಮಿಷ ಅವರನ್ನು ತಡೆಯುವವರಿರಲಿಲ್ಲ. ಇಪ್ಪತ್ತೊಂದು ಸಲ ತಾನು ಹೊಸಬಳಂತೆ ಅದೇ ಅರ್ಜಿಗೆ ಸಹಿ ಹಾಕಿದ್ದನ್ನು ಹೇಳಿದರು. ಒಂದು ವರ್ಷ, ಎರಡು ಗುತ್ತಿಗೆಗಳ ನಡುವೆ ಮನೆಗೆ ಕಳುಹಿಸುವ ಆ ಒಂದು ದಿನವೇ ಮಗಳಿಗೆ ಜ್ವರ ಬಂದು ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ, 'ಇವತ್ತು ನೀವು ಸಿಬ್ಬಂದಿಯಲ್ಲ' ಎಂದು ಹೊರಗಿನವರ ಸಾಲಿಗೆ ಕಳುಹಿಸಿದ್ದನ್ನು ಹೇಳಿದರು. ತನ್ನಿಂದ ಸೂಜಿ ಹಿಡಿಯುವುದನ್ನು ಕಲಿತ ಮೂವರು ಕಿರಿಯ ನರ್ಸುಗಳು ಕಾಯಂ ಆದುದನ್ನು ಹೇಳಿದರು. ವ್ಯಾಕರಣದ ತಪ್ಪುಗಳು ಕಡಿಮೆಯೆಂದರೂ ಹದಿನೈದಿದ್ದವು. ತಲೆ ಮಾತ್ರ ಒಮ್ಮೆಯೂ ಆಡಲಿಲ್ಲ.

ಅತ್ತೆ ಬೆರಗಾಗಿ ನೋಡಿದರು. "ಬೈದಿದ್ದು ಗೊತ್ತಾಯ್ತು. ಯಾರನ್ನ? ನನ್ನನ್ನಾ?"

"ಇಲ್ಲ ಅತ್ತೆ."

"ಹಾಗಾದ್ರೆ ಕನ್ನಡದಲ್ಲಿ ಹೇಳು."

ಕನ್ನಡದಲ್ಲಿ ಹೇಳಲು ಹೆಚ್ಚು ಹೊತ್ತು ಹಿಡಿಯಿತು. ನಡುನಡುವೆ ನಿಲ್ಲಬೇಕಾಯಿತು. ಕೇಳಿ ಮುಗಿದ ಮೇಲೆ ಅತ್ತೆ ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದರು.

"ಇಷ್ಟೆಲ್ಲ ಮೊದಲೇ ಹೇಳೋಕೆ ನಿಂಗೇನು ಧಾಡಿಯಾಗಿತ್ತು?"

"ಯಾರು ಕೇಳಿದ್ರು ಅತ್ತೆ?"

"ಕೇಳೋವರೆಗೂ ಕಾಯ್ತಾ ಕೂತ್ರೆ ಆಯ್ತು, ಬಿಡು" ಎಂದು ಗೊಣಗಿ, ಅತ್ತೆ ದಾರ ಪೋಣಿಸಿದರು. "ತಲೆ ನಾನೇ ಬಾಚ್ತೀನಿ. ನೀನು ಮೊದಲು ಪಾಸಾಗು. ಇನ್ನೊಂದು ಚೀಟಿ ತೆಗಿ."

ಮೂರನೆಯ ಪರೀಕ್ಷೆಯಲ್ಲಿ ವಿಷಯ: ಕೆಲಸದ ಸ್ಥಳದಲ್ಲಿ ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಲು ಬಿಡಬೇಕೇ? ಎದುರಿಗೆ ಕುಳಿತ ಯುವ ಎಂಜಿನಿಯರು ಮಲಗುವುದಕ್ಕೆ ಮನೆಯಿದೆ, ಕೆಲಸದಲ್ಲಿ ಮಲಗುವವರು ಮೈಗಳ್ಳರು ಎಂದು ಖಡಾಖಂಡಿತವಾಗಿ ಹೇಳಿದರು. ಸಿಸ್ಟರ್ ಅದನ್ನು ತಿರುಗಿ ಹೇಳಲಿಲ್ಲ. "ನೀವು ಹೇಳುತ್ತಿರುವುದು ತಪ್ಪು" ಎಂದು ಶುರು ಮಾಡಿದರು. ಹನ್ನೆರಡು ಗಂಟೆ ನಿಂತು ದುಡಿದವರ ಕೊನೆಯ ಗಂಟೆ ಹೇಗಿರುತ್ತದೆ, ಆ ಹೊತ್ತಿನಲ್ಲಿ ತಾನು ಒಂದೇ ಔಷಧದ ಚೀಟಿಯನ್ನು ಮೂರು ಸಲ ಏಕೆ ಓದುತ್ತೇನೆ ಎಂದು ವಿವರಿಸಿದರು. ಎಂಜಿನಿಯರು ಬಾಯಿ ತೆರೆದಾಗ "ನಾನಿನ್ನೂ ಮುಗಿಸಿಲ್ಲ" ಎಂದರು. ಸಮಯ ಮುಗಿಯಿತೆಂದು ಪರೀಕ್ಷಕರು ಎರಡು ಸಲ ಹೇಳಬೇಕಾಯಿತು.

ಅಂಕ ಅರವತ್ತೆರಡು ಬಂತು. ಅತ್ತೆ ಪಕ್ಕದ ಮನೆಯವರಿಗೂ ಹೇಳಿ ಬಂದು ನೋಡಿದರೆ, ಸೊಸೆ ಮೇಜಿನ ಮುಂದೆ ಬರೆಯುತ್ತ ಕುಳಿತಿದ್ದರು.

"ಪಾಸಾಯ್ತಲ್ಲೇ, ಇನ್ನೇನು ಬರೀತಿದ್ದೀಯ?"

"ಆಕ್ಷೇಪಣೆ ಅತ್ತೆ. ಎದುರಿನವರಿಗೆ ಮಾತಾಡೋಕೆ ಅವಕಾಶ ಕೊಡ್ಲಿಲ್ಲ ಅಂತ ಎಂಟು ಅಂಕ ಕಳೆದಿದ್ದಾರೆ. ಅವರು ಎರಡು ಸಲ ಮಾತಾಡಿದ್ರು. ಗೋಡೆ ಗಡಿಯಾರ ನೋಡಿದ್ದೀನಿ, ಒಟ್ಟು ಒಂದೂಮುಕ್ಕಾಲು ನಿಮಿಷ."

"ಐದು ನಿಮಿಷದಲ್ಲಿ ಅಷ್ಟೇನಾ?"

"ಅವರ ಹತ್ರ ಹೇಳೋಕೆ ಅಷ್ಟೇ ಇದ್ದಿದ್ದು. ಅದಕ್ಕೆ ನಾನೇನು ಮಾಡ್ಲಿ?"

ಪ್ರಮಾಣಪತ್ರ ಇಪ್ಪತ್ತೆರಡನೆಯ ತಾರೀಖು ವಿದೇಶದ ಸ್ಪೀಡ್ ಪೋಸ್ಟಿನಲ್ಲಿ ಹೊರಟಿತು. ಆಕ್ಷೇಪಣೆಯೂ ಅದೇ ದಿನ ಹೋಯಿತು, ಬೇರೆ ಲಕೋಟೆಯಲ್ಲಿ, ಮೂರು ಪುಟ.